ನಿನ್ನದೇ ಚರ್ಮ, ನಿನ್ನದೇ ಕೂದಲು

ಪುಟ್ಟಿ,

"ಮೂರು ತಿಂಗಳು ತಲೆ ಮೇಲೆ ಬುಗುಟು ಹೊತ್ಕೊಂಡು ಕಾಲೇಜಿಗೆ ಹೇಗೆ ಹೋಗ್ಲಿ ದೊಡ್ಡಮ್ಮ?" ಅಂತ ನಿನ್ನೆ ಫೋನಿನಲ್ಲಿ ಅಳು ನುಂಗಿಕೊಂಡು ಕೇಳಿದೆ. ಆಗ ನನಗೆ ಮಾತೇ ಹೊರಡಲಿಲ್ಲ. 28 ವರ್ಷ ನರ್ಸಾಗಿ, ಅದರಲ್ಲಿ 11 ವರ್ಷ ಪ್ಲಾಸ್ಟಿಕ್ ಸರ್ಜರಿ ವಾರ್ಡಿನಲ್ಲಿ ಕೆಲಸ ಮಾಡಿದವಳು ನಾನು. ನಿನ್ನ ವಿಷಯಕ್ಕೆ ಬಂದರೆ ಮಾತ್ರ ಗಂಟಲು ಕಟ್ಟುತ್ತದೆ.

ಯಾಕೆ ಅಂತ ನಿನಗೆ ಗೊತ್ತು. ನಿನಗಾಗ ಮೂರು ವರ್ಷ. ಅನ್ನ ಬಸಿದು ಗಂಜಿಯ ಪಾತ್ರೆಯನ್ನು ಕಟ್ಟೆಯ ಅಂಚಿಗೆ ಇಟ್ಟವಳು ನಾನು. ನೀನದನ್ನು ಎಳೆದುಕೊಂಡೆ. ನಾನು ನೀರು ತರುವಷ್ಟರಲ್ಲಿ ಯಾರೋ ತಲೆಯ ಮೇಲೆ ದೋಸೆ ಹಿಟ್ಟು ಸುರಿದಾಗಿತ್ತು. ಸುಟ್ಟ ಜಾಗಕ್ಕೆ ಹಿಟ್ಟು, ಶಾಯಿ ಏನೂ ಬೇಡ, 20 ನಿಮಿಷ ತಣ್ಣೀರು ಹರಿಯಬಿಡಿ ಎಂದು ಆಮೇಲೆ ಎಷ್ಟೋ ತಾಯಂದಿರಿಗೆ ಹೇಳಿದ್ದೇನೆ. ಹೇಳುವಾಗಲೆಲ್ಲ ನಿನ್ನ ಎಡಗಿವಿಯ ಮೇಲಿನ ಆ ಬೋಳು ಜಾಗವೇ ಕಣ್ಣಿಗೆ ಕಟ್ಟುತ್ತಿತ್ತು.

ತೊಡೆಯ ಚರ್ಮ ತೆಗೆದು ಅಂಟಿಸಿದರೆ ಒಂದೇ ಸಲಕ್ಕೆ ಮುಗಿಯುತ್ತದಲ್ಲ ಎಂದು ನಿಮ್ಮಪ್ಪ ಕೇಳಿದನಂತೆ. ಗಾಯ ಮುಚ್ಚಲು ಅದು ಸಾಕು. ಆದರೆ ತೊಡೆಯ ಚರ್ಮದಲ್ಲಿ ತಲೆಗೂದಲು ಬರುವುದಿಲ್ಲ. ತಲೆಗೆ ತಲೆಯ ಚರ್ಮವೇ ಆಗಬೇಕು. ಕಲೆಯ ಪಕ್ಕದಲ್ಲಿರುವ ನಿನ್ನದೇ ಚರ್ಮವನ್ನು ಬೆಳೆಸಿಕೊಂಡು ಈಚೆಗೆ ಎಳೆದು ಹೊಲಿಯುವುದು ಅದಕ್ಕೇ.

ಚರ್ಮವನ್ನು ಬೆಳೆಸುವುದು ಹೇಗೆ ಅನ್ನುತ್ತೀಯಾ? ನನ್ನ ಅಜ್ಜಿಯ ಕಿವಿಯನ್ನು ನೀನು ನೋಡಿಲ್ಲ. ಭಾರದ ಓಲೆ ಹಾಕಿ ಹಾಕಿ, ತೂತು ನನ್ನ ಹೆಬ್ಬೆರಳು ತೂರುವಷ್ಟು ದೊಡ್ಡದಾಗಿತ್ತು. ಹಾಲೆ ಹರಿದಿರಲಿಲ್ಲ, ಇಳಿದು ಬೆಳೆದಿತ್ತು. ನೀನು ಹೊಟ್ಟೆಯಲ್ಲಿದ್ದಾಗ ನಿಮ್ಮಮ್ಮನ ಚರ್ಮವೂ ಹೀಗೆಯೇ ಜಾಗ ಮಾಡಿಕೊಟ್ಟಿತು. ನಿಧಾನವಾಗಿ, ಬಿಡದೆ ಒತ್ತಡ ಬಿದ್ದರೆ ಚರ್ಮ ಬರೀ ಹಿಗ್ಗುವುದಿಲ್ಲ, ಅದರ ಜೀವಕೋಶಗಳು ಹೆಚ್ಚಿ ಹೊಸ ಚರ್ಮವೂ ಹುಟ್ಟುತ್ತದೆ. 1957ರಲ್ಲಿ ಅಮೆರಿಕದ ಚಾರ್ಲ್ಸ್ ನ್ಯೂಮನ್ ಎಂಬ ವೈದ್ಯರು, ಕಿವಿಯ ಭಾಗ ಕಳೆದುಕೊಂಡಿದ್ದ ಒಬ್ಬರ ಚರ್ಮದಡಿ ರಬ್ಬರ್ ಬಲೂನು ಇಟ್ಟು ಊದಿಸಿ, ಹಿಗ್ಗಿದ ಚರ್ಮವನ್ನು ಕಿವಿ ಕಟ್ಟಲು ಬಳಸಿದರು. ಆಮೇಲೆ ಸುಮಾರು ಇಪ್ಪತ್ತು ವರ್ಷ ಅದನ್ನು ಯಾರೂ ಅಷ್ಟಾಗಿ ಮುಂದುವರಿಸಲಿಲ್ಲ. 1976ರಲ್ಲಿ ಚೆಡೊಮಿರ್ ರಾಡೋವನ್ ಸಿಲಿಕೋನ್ ಚೀಲ ಬಳಸಿ ತೋರಿಸಿದ ಮೇಲೆಯೇ ಅದು ಊರೂರಿನ ಆಸ್ಪತ್ರೆಗಳಿಗೆ ಬಂದದ್ದು.

ಇನ್ನು ನಿನಗೆ ಏನು ಮಾಡುತ್ತಾರೆ, ಕೇಳು. ಮೊದಲ ಆಪರೇಷನ್ನಿನಲ್ಲಿ ಕಲೆಯ ಪಕ್ಕ, ಚರ್ಮದಡಿ, ಖಾಲಿ ಚೀಲವನ್ನು ಇಡುತ್ತಾರೆ. ಅದಕ್ಕೆ ಸಣ್ಣ ಗುಂಡಿಯಂಥ ಬಾಯಿ, ಅದೂ ಚರ್ಮದ ಒಳಗೇ. ಹೊಲಿಗೆ ಮಾಯಲು ಎರಡು ಮೂರು ವಾರ ಬಿಡುತ್ತಾರೆ. ಆಮೇಲೆ ವಾರಕ್ಕೊಂದು ಸಲ ಆ ಬಾಯಿಗೆ ಸಣ್ಣ ಸೂಜಿ ಚುಚ್ಚಿ ಸಲೈನ್ ತುಂಬುವುದು. ಚೀಲ ಉಬ್ಬಿದಂತೆ ಮೇಲೆ ಕಾಣುವುದೇ ನೀನು ಹೇಳಿದ ಬುಗುಟು. ಚರ್ಮ ಬಿಗಿದು ಬಿಳಿಚಿಕೊಂಡರೆ, ಅಥವಾ ನೀನು ನೋವು ಎಂದರೆ ಅಲ್ಲಿಗೇ ನಿಲ್ಲಿಸುತ್ತಾರೆ. ತಡೆದುಕೊಳ್ಳಬೇಡ, ಹೇಳು. ಆ ರಾತ್ರಿ ತಲೆಗೆ ಪಟ್ಟಿ ಬಿಗಿದಂತಿರುತ್ತದೆ; ಒಂದೆರಡು ದಿನದಲ್ಲಿ ಸಡಿಲವಾಗುತ್ತದೆ. ಸಾಕಷ್ಟು ಚರ್ಮ ಸಿಕ್ಕಿದ ಮೇಲೆ ಎರಡನೆಯ ಆಪರೇಷನ್: ಚೀಲ ತೆಗೆದು, ಕಲೆಯನ್ನು ಕತ್ತರಿಸಿ, ಕೂದಲಿರುವ ಚರ್ಮವನ್ನು ಅಲ್ಲಿಗೆ ತಂದು ಹೊಲಿಯುತ್ತಾರೆ. ಗೆರೆಯೊಂದು ಉಳಿಯುತ್ತದೆ. ಕೂದಲ ಬುಡಗಳ ಲೆಕ್ಕ ಹೆಚ್ಚುವುದಿಲ್ಲ, ಒಂದರಿಂದ ಒಂದಕ್ಕೆ ದೂರ ಸ್ವಲ್ಪ ಹೆಚ್ಚುತ್ತದೆ ಅಷ್ಟೆ. ನಿನ್ನ ಜಡೆಯ ದಪ್ಪಕ್ಕೆ ಅದು ಗೊತ್ತೇ ಆಗುವುದಿಲ್ಲ.

ಹೆದರಬೇಕಾದದ್ದು ಒಂದಿದೆ, ಅದನ್ನು ಮುಚ್ಚಿಡಲಾರೆ. ನಮ್ಮ ವಾರ್ಡಿಗೆ ಬರುತ್ತಿದ್ದ ಒಬ್ಬ ಹುಡುಗನ ಬುಗುಟಿನ ಮೇಲೆ ಚರ್ಮ ಕೆಂಪಾಗಿತ್ತು. ಬೈಯುತ್ತಾರೆ ಎಂದು ಮನೆಯವರು ನಾಲ್ಕು ದಿನ ತಡಮಾಡಿದರು. ಕೀವಾಗಿ ಚೀಲ ಹೊರಗೆ ಕಾಣತೊಡಗಿತ್ತು. ತೆಗೆದುಹಾಕಿ, ತಿಂಗಳುಗಟ್ಟಲೆ ಕಾದು, ಮತ್ತೆ ಮೊದಲಿಂದ ಶುರು ಮಾಡಬೇಕಾಯಿತು. ಹಿಂದಿನ ವಾರ ಅವನಿಗೆ ಡ್ರೆಸ್ಸಿಂಗ್ ಮಾಡಿದವಳು ನಾನೇ. ಮನೆಯವರಿಗೆ ಬಿಡಿಸಿ ಹೇಳಿರಲಿಲ್ಲವಲ್ಲ ಎಂಬ ಕೊರಗು ಈಗಲೂ ಇದೆ. ಕೆಂಪು, ಜ್ವರ, ಸೋರುವುದು, ಚರ್ಮ ತೆಳ್ಳಗಾಗಿ ಹೊಳೆಯುವುದು, ಯಾವುದು ಕಂಡರೂ ಮಧ್ಯರಾತ್ರಿಯಾದರೂ ಸರಿ, ಆಸ್ಪತ್ರೆಗೆ ಫೋನ್ ಮಾಡು. ಆಮೇಲೆ ನನಗೆ.

ಬಲಮಗ್ಗುಲಲ್ಲಿ ಮಲಗು. ಆ ತಲೆಗೆ ಹೆಲ್ಮೆಟ್ ಕೂರುವುದಿಲ್ಲ, ಹೆಲ್ಮೆಟ್ ಇಲ್ಲದೆ ಸ್ಕೂಟರ್ ಹತ್ತಲು ನಾನು ಬಿಡುವುದಿಲ್ಲ, ಬಸ್ಸಿನಲ್ಲೇ ಹೋಗು. ಬಸ್ಸಿನಲ್ಲಿ ಜನ ನೋಡುತ್ತಾರೆ, ನೋಡುವುದಿಲ್ಲ ಎಂದು ಸುಳ್ಳು ಹೇಳಲಾರೆ. ಕೇಳಿದವರಿಗೆ "ಚರ್ಮ ಬೆಳೆಸ್ತಾ ಇದ್ದೀನಿ" ಅನ್ನು. ಇರುವ ವಿಷಯವೇ ಅದು. ವಾರ್ಡಿನಲ್ಲಿ ಬುಗುಟು ದೊಡ್ಡದಾದಷ್ಟೂ ನಮಗೆಲ್ಲ ಸಂತೋಷವಾಗುತ್ತಿತ್ತು, ಪುಟ್ಟಿ. ಈ ವಾರ ಇಷ್ಟು ಬಂತು ಎಂದು ಸಿಸ್ಟರುಗಳು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದೆವು.

ಭಾನುವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ಸೂಜಿಯ ದಿನವೆಲ್ಲ ನಾನೇ ಜೊತೆಗೆ ಬರುವುದು, ನಿಮ್ಮಮ್ಮನಿಗೂ ಹೇಳಿದ್ದೇನೆ. ನನ್ನ ಹಳೆಯ ನೀಲಿ ಹತ್ತಿ ಸೀರೆ ನಿನಗೆ ಇಷ್ಟವಲ್ಲವೇ? ಅದನ್ನು ಹರಿದು ತಲೆಗೆ ಕಟ್ಟಿಕೊಳ್ಳಲು ಮೂರು ವಸ್ತ್ರ ಹೊಲಿದಿದ್ದೇನೆ. ಚಿಕ್ಕದು ಮೊದಲ ತಿಂಗಳಿಗೆ. ದೊಡ್ಡದಕ್ಕೆ ಅಂಚು ಮಡಚಿ ಹೊಲಿಯುವುದು ಇನ್ನೂ ಬಾಕಿ ಇದೆ, ಅಲ್ಲಿಗೆ ಬಂದ ಮೇಲೆ ನಿನ್ನ ತಲೆಗೆ ಇಟ್ಟು ನೋಡಿ ಹೊಲಿಯುತ್ತೇನೆ.

ಇಂತಿ,
ನಿನ್ನ ದೊಡ್ಡಮ್ಮ