ಡಿಟಿಪಿ ಮೇಜಿಗೆ ಬರುವ ಕನ್ನಡ ಫೈಲುಗಳು

ಮುಂಬಯಿಯಲ್ಲಿ ‘ಕರ್ನಾಟಕ ಮಲ್ಲ’ ದಿನಪತ್ರಿಕೆ, ‘ಮೊಗವೀರ’, ‘ನೇಸರು’ ಮುಂತಾದ ಮಾಸಿಕಗಳಲ್ಲದೆ ಸಂಘಸಂಸ್ಥೆಗಳ ಸ್ಮರಣ ಸಂಚಿಕೆಗಳೂ ಬರುತ್ತಲೇ ಇರುತ್ತವೆ. ಡೊಂಬಿವಲಿಯವರು ನುಡಿಯಲ್ಲಿ ಟೈಪ್ ಮಾಡಿರುತ್ತಾರೆ, ಮೀರಾ ರೋಡಿನವರು ಮೊಬೈಲಿನ ಯೂನಿಕೋಡ್‌ನಲ್ಲಿ, ಹಳೆ ಪ್ರೆಸ್ಸಿನವರು ಶ್ರೀಲಿಪಿಯಲ್ಲಿ. ಎಲ್ಲವೂ ಒಂದೇ ಸಂಚಿಕೆಗೆ ಇಳಿಯಬೇಕು. ಇಂಥ ಸಂಚಿಕೆಗಳಿಗೆ ಪುಟ ಕಟ್ಟುತ್ತ ನಾನು ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

1. ಫೈಲಿನ ಜೊತೆ ಫಾಂಟಿನ ಹೆಸರನ್ನೂ ಕೇಳಿ. ‘ವರ್ಡ್ ಫೈಲ್’ ಎಂದರೆ ಏನೂ ತಿಳಿಯುವುದಿಲ್ಲ. ಹಳೆಯ ನುಡಿ, ಬರಹ, ಶ್ರೀಲಿಪಿ ಫಾಂಟುಗಳಲ್ಲಿ ಕನ್ನಡದ ಅಕ್ಷರಭಾಗಗಳು ರೋಮನ್ ಅಕ್ಷರಗಳ ಜಾಗದಲ್ಲಿ ಕೂತಿರುತ್ತವೆ. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಕಾಣುವುದು ಆ ರೋಮನ್ ಗೋಜಲೇ. ನುಡಿ, ಬರಹಗಳ ಜೋಡಣೆ ಹೆಚ್ಚುಕಡಿಮೆ ಒಂದೇ, ಶ್ರೀಲಿಪಿಯದು ಬೇರೆ. ಯೂನಿಕೋಡ್‌ಗೆ ತಿರುಗಿಸುವಾಗ ಒಂದರ ಪರಿವರ್ತಕಕ್ಕೆ ಇನ್ನೊಂದನ್ನು ಹಾಕಬಾರದು.

2. ಯೂನಿಕೋಡ್‌ಗೆ ತಿರುಗಿಸಿದ ಮೇಲೆ ಮೊದಲು ಅರ್ಕಾವತ್ತು ನೋಡಿ. ‘ಕರ್ನಾಟಕ’ವನ್ನೇ ತೆಗೆದುಕೊಳ್ಳಿ. ಹಳೆ ನುಡಿಯಲ್ಲಿ ಕ, ಆಮೇಲೆ ನಾ, ಅದಾದ ಮೇಲೆ ಅರ್ಕಾವತ್ತು, ಹೀಗೆ ಕಣ್ಣಿಗೆ ಕಾಣುವ ಕ್ರಮದಲ್ಲೇ ಇರುತ್ತದೆ. ಯೂನಿಕೋಡ್‌ನಲ್ಲಿ ಉಚ್ಚಾರದ ಕ್ರಮ: ಕ, ರ, ಹಲಂತ, ನ, ದೀರ್ಘ. ಪರಿವರ್ತಕ ಆ ರಕಾರವನ್ನು ಹಿಂದಕ್ಕೆ ಒಯ್ದು ಕೂರಿಸಬೇಕು. ಒತ್ತಕ್ಷರವೂ ಜೊತೆಗಿದ್ದರೆ ಎಡವುವ ಸಂಭವ ಹೆಚ್ಚು. ಇನ್ನೊಂದು ಅಪಾಯ, ನಡುವೆ ಬರುವ ಇಂಗ್ಲಿಷ್. ಇಮೇಲ್ ವಿಳಾಸ, ಕಂಪನಿ ಹೆಸರುಗಳನ್ನೂ ಪರಿವರ್ತಕ ಕನ್ನಡವೆಂದೇ ತಿಳಿದು ತಿರುಗಿಸಿಬಿಡುತ್ತದೆ. ಅವನ್ನು ಮೊದಲೇ ಬೇರೆ ತೆಗೆದಿಡಬೇಕು. ನಮ್ಮಲ್ಲಿ ಮರಾಠಿ ಜಾಹೀರಾತುಗಳೂ ಬರುತ್ತವಲ್ಲ, ಹಳೆ ಮರಾಠಿ ಫಾಂಟಿನಲ್ಲಿದ್ದರೆ ಅದಕ್ಕೆ ಅದರದೇ ಪರಿವರ್ತಕ ಬೇಕು.

3. ಇನ್‌ಡಿಸೈನ್‌ಗೆ ತರುವಾಗ ‘ಪ್ಲೇಸ್’ನಲ್ಲಿ ಇಂಪೋರ್ಟ್ ಆಪ್ಷನ್ಸ್ ತೆರೆದು, ವರ್ಡ್‌ನ ಸ್ಟೈಲುಗಳು ಬೇಕೋ ಬೇಡವೋ ತೀರ್ಮಾನಿಸಿ. ಒತ್ತಕ್ಷರಗಳು ಬಿಡಿಬಿಡಿಯಾಗಿ ಕಂಡರೆ ಪಠ್ಯ ಕೆಟ್ಟಿದೆ ಎಂದುಕೊಳ್ಳಬೇಡಿ. ಪ್ಯಾರಾಗ್ರಾಫ್ ಸ್ಟೈಲ್‌ನ ಜಸ್ಟಿಫಿಕೇಶನ್‌ನಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಆರಿಸಿದರೆ ಕೂಡಿಕೊಳ್ಳುತ್ತವೆ. 2012ರ ಸಿಎಸ್6ರಿಂದ ಆ ಸೌಲಭ್ಯ ಇದೆ. ಪೇಜ್‌ಮೇಕರ್‌ಗೆ ಯೂನಿಕೋಡ್ ಕನ್ನಡ ಬಾರದು. ಹಳೆ ಸಂಚಿಕೆಗಳ ಪೇಜ್‌ಮೇಕರ್ ಫೈಲುಗಳನ್ನು ನೇರವಾಗಿ ತೆರೆಯುವುದು ಸಿಎಸ್6 ಮತ್ತು ಅದಕ್ಕೂ ಹಿಂದಿನ ಇನ್‌ಡಿಸೈನ್ ಮಾತ್ರ. ಅದಿರುವ ಹಳೆ ಕಂಪ್ಯೂಟರನ್ನು ಗುಜರಿಗೆ ಹಾಕುವ ಮುನ್ನ ಆ ಫೈಲುಗಳನ್ನೆಲ್ಲ ಪರಿವರ್ತಿಸಿಡಿ. ಒಂದು ಸಂಘದ ದಶಕಗಳ ಚರಿತ್ರೆ ಅವುಗಳಲ್ಲಿರುತ್ತದೆ.

4. “ಫೋಟೊ ವಾಟ್ಸಾಪ್‌ನಲ್ಲಿ ಹಾಕಿದ್ದೇನೆ ಮಾರಾಯ್ರೇ” ಎಂದರೆ, “ಡಾಕ್ಯುಮೆಂಟ್ ಆಗಿ ಇನ್ನೊಮ್ಮೆ ಕಳಿಸಿ” ಎನ್ನಿ. ವರ್ಡ್‌ನೊಳಗೇ ಅಂಟಿಸಿ ಕಳಿಸಿದ್ದರೆ ಫೈಲಿನ ಒಂದು ಪ್ರತಿ ಮಾಡಿ, ಹೆಸರಿನ ಕೊನೆಯ ಡಿಒಸಿಎಕ್ಸ್ ತೆಗೆದು ಜಿಪ್ ಎಂದು ಹಾಕಿ ಬಿಚ್ಚಿ. ಒಳಗೆ ‘ವರ್ಡ್’ ಫೋಲ್ಡರಿನ ‘ಮೀಡಿಯಾ’ದಲ್ಲಿ ಫೋಟೊಗಳು ಬೇರೆಬೇರೆಯಾಗಿ ಸಿಗುತ್ತವೆ. ಪುಟದಿಂದ ಸ್ಕ್ರೀನ್‌ಶಾಟ್ ತೆಗೆಯುವುದಕ್ಕಿಂತ ಎಷ್ಟೋ ಮೇಲು.

5. ಸದಸ್ಯರ ಪಟ್ಟಿ ಸಿಎಸ್‌ವಿಯಲ್ಲಿದ್ದರೆ ಡಬಲ್ ಕ್ಲಿಕ್ ಬೇಡ. ಎಕ್ಸೆಲ್‌ನ ‘ಡೇಟಾ’ದಿಂದ ತಂದು ಯುಟಿಎಫ್-8 ಆರಿಸಿ, ಫೋನಿನ ಕಾಲಮನ್ನು ‘ಟೆಕ್ಸ್ಟ್’ ಮಾಡಿ. ಇಲ್ಲದಿದ್ದರೆ ಕನ್ನಡದ ಹೆಸರು ಕೆಡಬಹುದು, ದೇಶದ ಕೋಡ್ 91 ಸೇರಿದ 12 ಅಂಕಿಯ ನಂಬರು ಘಾತಾಂಕದ ರೂಪ ತಾಳುತ್ತದೆ.

6. ಪಿಡಿಎಫ್‌ನಿಂದ ಕನ್ನಡ ಕಾಪಿ ಮಾಡಬೇಡಿ, ಅಕ್ಷರಗಳ ಕ್ರಮ ಕದಡಿರುತ್ತದೆ. ಮೂಲ ಫೈಲ್ ಕೇಳಿ. ಅದು ಸಿಗದಿದ್ದರೆ ಹೊಸದಾಗಿ ಟೈಪ್ ಮಾಡಿಸುವುದೇ ವಾಸಿ.