ಆರೋಗ್ಯ ಪ್ರಶ್ನೋತ್ತರ: ಲಂಡನ್ನಿನಲ್ಲಿ ಹಿಡಿದ ಚಳಿ

ಪ್ರಶ್ನೆ: ಡಾಕ್ಟ್ರೇ, ನಮ್ಮ ಮನೆ ಮಂಗಳೂರಿನ ಜೆಪ್ಪು ಮಾರ್ಕೆಟ್ ಹತ್ತಿರ. ಬಿ.ಕಾಂ. ಎರಡನೇ ವರ್ಷ ಮುಗಿಸಿ, ಬೇಸಿಗೆ ಕೋರ್ಸಿಗೆಂದು ಲಂಡನ್ನಿಗೆ ಬಂದು ವಾರವಾಯಿತು. ಇಲ್ಲಿ ರಾತ್ರಿ ಒಂಬತ್ತಾದರೂ ಬೆಳಕು. ನನಗೋ ಸಂಜೆ ಆರಕ್ಕೇ ನಿದ್ದೆ ತೂಗುತ್ತದೆ, ಬೆಳಗಿನ ಜಾವ ಮೂರಕ್ಕೆ ಎಚ್ಚರವಾಗುತ್ತದೆ. ಬ್ರೆಡ್ಡು, ಸ್ಯಾಂಡ್‌ವಿಚ್ಚು ಗಂಟಲಲ್ಲಿ ಇಳಿಯುವುದಿಲ್ಲ. ರೂಮಿನಲ್ಲಿ ಫ್ಯಾನ್ ಇಲ್ಲ, ಕಿಟಕಿ ಒಂದು ಗೇಣು ಮಾತ್ರ ತೆರೆಯುತ್ತದೆ. ಕ್ಲಾಸಿನಲ್ಲಿ ಎಲ್ಲರೂ ಪಟಪಟ ಮಾತಾಡುತ್ತಾರೆ, ನಾನು ಸುಮ್ಮನೆ ಕೂತಿರುತ್ತೇನೆ. ರೂಮಿಗೆ ಬಂದರೆ ಅಳು. ಅಮ್ಮನಿಗೆ ಹೇಳಿಲ್ಲ. ನಿದ್ದೆಗೆ ಯಾವುದಾದರೂ ಮಾತ್ರೆ ಹೇಳುತ್ತೀರಾ? ಮತ್ತೆ, ದಿನ ಬಿಟ್ಟು ದಿನ ಮಧ್ಯಾಹ್ನದ ಮೇಲೆ ಚಳಿ ಹಿಡಿದು ಮೈ ಬಿಸಿಯಾಗುತ್ತದೆ, ಆಮೇಲೆ ಬೆವರಿ ಇಳಿಯುತ್ತದೆ. ಹವೆ ಬದಲಾದದ್ದಕ್ಕೆ ಇರಬೇಕು. ಮಾರ್ಚಿನಲ್ಲಿ ಮಲೇರಿಯಾ ಬಂದಿತ್ತು, ಅದು ಗುಣವಾಗಿದೆ.
– ವಿದ್ಯಾರ್ಥಿನಿ, ಲಂಡನ್

ಉತ್ತರ: ನೀವು ಕೊನೆಗೆ 'ಮತ್ತೆ' ಎಂದು ಸೇರಿಸಿದ್ದೇ ನನಗೆ ಮೊದಲನೆಯದು. ನಿಮ್ಮ ಮೇಲ್ ನೋಡಿದ ಕೂಡಲೇ 'ಇವತ್ತೇ ರಕ್ತ ಪರೀಕ್ಷೆ ಮಾಡಿಸಿ' ಎಂದು ಮರುತ್ತರ ಕಳಿಸಿದ್ದೇನೆ. ಈ ಮಳೆಗಾಲದಲ್ಲಿ ಹೊರಡುವ ಬೇರೆ ಮಕ್ಕಳಿಗೂ ಬೇಕಾಗಬಹುದೆಂದು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಮಂಗಳೂರಿನಲ್ಲಿ ಹೆಚ್ಚಾಗಿ ಕಾಣುವುದು ವೈವಾಕ್ಸ್ ಜಾತಿಯ ಮಲೇರಿಯಾ. ಇದರ ರೋಗಾಣುಗಳಲ್ಲಿ ಕೆಲವು ರಕ್ತಕ್ಕೆ ಬಾರದೆ ಪಿತ್ತಜನಕಾಂಗದಲ್ಲಿ ಮಲಗಿಬಿಡುತ್ತವೆ. ಮೊದಲ ಮೂರು ದಿನದ ಕ್ಲೋರೋಕ್ವಿನ್ ರಕ್ತದಲ್ಲಿ ಇರುವುದನ್ನು ಕೊಲ್ಲುತ್ತದೆ, ಜ್ವರ ಇಳಿಯುತ್ತದೆ. ಮಲಗಿದ್ದನ್ನು ಕೊಲ್ಲುವುದು ಆಮೇಲಿನ ಪ್ರಿಮಾಕ್ವಿನ್, ಅದು ಹದಿನಾಲ್ಕು ದಿನದ ಕೋರ್ಸು. ನಮ್ಮವರು ಎಡವುವುದು ಅಲ್ಲಿಯೇ. ಜ್ವರ ಬಿಟ್ಟಿತು, ಮಾತ್ರೆ ತಿಂದರೆ ಹೊಟ್ಟೆ ತೊಳಸುತ್ತದೆ, ಪರೀಕ್ಷೆ ಬೇರೆ ಹತ್ತಿರ ಬಂತು ಎಂದು ಐದಾರು ದಿನಕ್ಕೆ ಮಾತ್ರೆ ಡಬ್ಬದ ಮೂಲೆ ಸೇರುತ್ತದೆ. ಮಲಗಿದ್ದು ವಾರಗಳ ನಂತರ, ತಿಂಗಳುಗಳ ನಂತರ, ಕೆಲವೊಮ್ಮೆ ವರ್ಷ ಕಳೆದೂ ಏಳುತ್ತದೆ. ಮಾರ್ಚಿನದು ಜೂನಿನಲ್ಲಿ ಎದ್ದರೆ ಆಶ್ಚರ್ಯವಿಲ್ಲ. ದಿನ ಬಿಟ್ಟು ದಿನ ಚಳಿ, ಬಿಸಿ, ಬೆವರು ಎಂಬ ನಿಮ್ಮ ವರ್ಣನೆ ನಮ್ಮ ಪಠ್ಯಪುಸ್ತಕದಲ್ಲಿ ಇರುವ ಹಾಗೆಯೇ ಇದೆ. ಹೊರಡುವ ಮುಂಚೆ ಊರಿನಲ್ಲಿ ಹೊಸದಾಗಿ ಸೊಳ್ಳೆ ಕಚ್ಚಿ ಬಂದದ್ದೂ ಇರಬಹುದು. ಡೆಂಗಿ, ಇಲಿಜ್ವರಗಳನ್ನೂ ಮರೆಯುವ ಹಾಗಿಲ್ಲ. ಹಾಗಾಗಿ ಜ್ವರಕ್ಕೆ ಪ್ಯಾರಸಿಟಮಾಲ್ ಬಿಟ್ಟು ಬ್ರುಫೆನ್ ತೆಗೆದುಕೊಳ್ಳಬೇಡಿ.

ಜೆಪ್ಪುವಿನಲ್ಲಿ ಚಳಿಜ್ವರ ಎಂದರೆ ಪಕ್ಕದ ಮನೆಯವರೂ 'ರಕ್ತ ಟೆಸ್ಟ್ ಮಾಡಿಸಿದಿರಾ' ಎಂದು ಕೇಳುತ್ತಾರೆ. ಲಂಡನ್ನಿನಲ್ಲಿ ಕೇಳುವವರಿಲ್ಲ. ಕೆಮ್ಮು, ಶೀತದ ರೋಗಿಗಳ ಸಾಲಿನಲ್ಲಿ ನಿಮ್ಮನ್ನೂ ಕೂರಿಸಿದರೆ 'ವೈರಲ್ ಜ್ವರ, ವಿಶ್ರಾಂತಿ ತೆಗೆದುಕೊಳ್ಳಿ' ಎಂದು ಕಳಿಸಿಯಾರು. ಅಲ್ಲಿನ ಆರೋಗ್ಯ ಸಹಾಯವಾಣಿ 111ಕ್ಕೆ ಕರೆ ಮಾಡಿದಾಗಲೂ, ಆಸ್ಪತ್ರೆಯ ಕೌಂಟರಿನಲ್ಲೂ ಮೊದಲ ವಾಕ್ಯವೇ ಇದಾಗಿರಲಿ: ನಾನು ಭಾರತದಿಂದ ಬಂದು ವಾರವಾಯಿತು, ನಮ್ಮ ಊರಿನಲ್ಲಿ ಮಲೇರಿಯಾ ಇದೆ, ಮಾರ್ಚಿನಲ್ಲಿ ನನಗೆ ಬಂದಿತ್ತು, ಕೋರ್ಸು ಪೂರ್ತಿ ಮಾಡಿದ್ದೇನೆ ಅಥವಾ ಮಾಡಿಲ್ಲ. ಈ ಕೊನೆಯದನ್ನು ನೀವು ನನಗೆ ಬರೆದಿಲ್ಲ, ಅವರಿಗೆ ಮುಚ್ಚಿಡಬೇಡಿ. ಇಷ್ಟು ಹೇಳಿದರೆ ಅವರು ಚುರುಕಾಗುತ್ತಾರೆ. ಉಷ್ಣವಲಯದ ಕಾಯಿಲೆಗಳಿಗೆಂದೇ ಲಂಡನ್ನಿನಲ್ಲಿ ಪ್ರತ್ಯೇಕ ಆಸ್ಪತ್ರೆ ಇದೆ. ಮೊದಲ ಪರೀಕ್ಷೆ ನೆಗೆಟಿವ್ ಬಂದರೂ ಒಂದೆರಡು ದಿನದಲ್ಲಿ ಮತ್ತೆ ರಕ್ತ ಕೇಳುತ್ತಾರೆ, ಬೇಸರಿಸದೆ ಕೊಡಿ. ಪ್ರಿಮಾಕ್ವಿನ್ ಕೊಡುವ ಮುಂಚೆ ಜಿ6ಪಿಡಿ ಎಂಬ ಪರೀಕ್ಷೆ ಮಾಡುತ್ತಾರೆ. ಆ ಕಿಣ್ವದ ಕೊರತೆ ಇರುವವರಿಗೆ ಈ ಮಾತ್ರೆ ರಕ್ತ ಒಡೆಯುತ್ತದೆ. ಖರ್ಚಿನ ಹೆದರಿಕೆ ಬೇಡ. ಇಂಗ್ಲೆಂಡಿನಲ್ಲಿ ಮಲೇರಿಯಾದ ಪರೀಕ್ಷೆಗೂ ಚಿಕಿತ್ಸೆಗೂ ಹೊರದೇಶದವರಿಂದ ಹಣ ತೆಗೆದುಕೊಳ್ಳುವುದಿಲ್ಲ.

ಇನ್ನು ನಿದ್ದೆ. ಈಗ ಅಲ್ಲಿಗೂ ಇಲ್ಲಿಗೂ ನಾಲ್ಕೂವರೆ ಗಂಟೆ ಅಂತರ. ದೇಹ ದಿನಕ್ಕೆ ಸುಮಾರು ಒಂದು ಗಂಟೆಯಷ್ಟು ಹೊಂದಿಕೊಳ್ಳುತ್ತದೆ, ಐದಾರು ದಿನದಲ್ಲಿ ಸರಿಯಾಗಬೇಕಿತ್ತು. ಆಗದಿರಲು ಜ್ವರ ಒಂದು ಕಾರಣ. ಇನ್ನೊಂದು ನಿಮ್ಮ ಫೋನು ಇರಬಹುದೆಂದು ನನ್ನ ಗುಮಾನಿ. ಲಂಡನ್ನಿನ ಮೂರು ಗಂಟೆಗೆ ಜೆಪ್ಪುವಿನಲ್ಲಿ ಏಳೂವರೆ. ದೋಸೆ ಕಾವಲಿ ಒಲೆಯ ಮೇಲೆ, ಮನೆಯ ವಾಟ್ಸಾಪ್ ಗುಂಪಿನಲ್ಲಿ ಗುಡ್ ಮಾರ್ನಿಂಗ್‌ಗಳ ಸುರಿಮಳೆ. ಎಚ್ಚರವಾದ ಕೂಡಲೇ ಅದನ್ನು ತೆರೆದರೆ ದೇಹ ಮಂಗಳೂರಿನ ಬೆಳಗನ್ನೇ ಹಿಡಿದು ಕೂರುತ್ತದೆ. ಮನೆಗೆ ಮಾತಾಡಲು ಅಲ್ಲಿನ ಮಧ್ಯಾಹ್ನ ಮೂರೂವರೆ ಒಳ್ಳೆಯ ಹೊತ್ತು, ಇಲ್ಲಿ ರಾತ್ರಿ ಎಂಟು. ಜೂನಿನಲ್ಲಿ ಅಲ್ಲಿ ಐದಕ್ಕೆ ಮುಂಚೆಯೇ ಸೂರ್ಯ ಹುಟ್ಟುತ್ತಾನೆ, ಆದ್ದರಿಂದ ಕಿಟಕಿಗೆ ದಪ್ಪ ಪರದೆ ಎಳೆಯಿರಿ, ಇಲ್ಲವೇ ಕಣ್ಣಿಗೊಂದು ಬಟ್ಟೆ ಕಟ್ಟಿಕೊಳ್ಳಿ. ಸಂಜೆ ತೂಕಡಿಕೆ ಬಂದಾಗ ಹಾಸಿಗೆಗೆ ಹೋಗದೆ ಹೊರಗೆ ಬೆಳಕಿಗೆ ಹೋಗಿ. ಪಶ್ಚಿಮಕ್ಕೆ ಹೋದವರಿಗೆ ಸಂಜೆಯ ಬೆಳಕೇ ಮದ್ದು. ಮಾತ್ರೆ ಬರೆದುಕೊಡುವುದಿಲ್ಲ.

ಎಲ್ಲಿಗೆ ಹೋಗಲಿ ಎನ್ನುತ್ತೀರಾದರೆ, ಜ್ವರ ಬಿಟ್ಟ ಮೇಲೆ ಥೇಮ್ಸ್ ದಂಡೆಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿಗೆ ನಡೆಯಿರಿ. ಪಾರ್ಲಿಮೆಂಟಿನ ಎದುರು ದಂಡೆಯಲ್ಲಿ ಬಸವಣ್ಣನ ಪ್ರತಿಮೆ ಇದೆ, 2015ರ ನವೆಂಬರಿನಲ್ಲಿ ಅನಾವರಣವಾದದ್ದು. ಅದಕ್ಕಾಗಿ ಓಡಾಡಿದ ನೀರಜ್ ಪಾಟೀಲರು ಕಲಬುರಗಿ ಕಡೆಯವರು, ಲ್ಯಾಂಬೆತ್‌ನ ಮೇಯರ್ ಆಗಿದ್ದವರು, ವೃತ್ತಿಯಲ್ಲಿ ವೈದ್ಯರು. (ನಮ್ಮ ವೃತ್ತಿಯವರ ಹೆಸರು ಸಿಕ್ಕಿದರೆ ಬಿಡಲು ಮನಸ್ಸು ಬರುವುದಿಲ್ಲ.) ಅಲ್ಲಿ ಕನ್ನಡದವರು ಯಾರಾದರೂ ಸಿಕ್ಕಿಯಾರು, ಸಿಗದಿದ್ದರೂ ಸಂಜೆಯ ಬೆಳಕಂತೂ ಸಿಗುತ್ತದೆ.

ಅಳುವಿನ ಬಗ್ಗೆ: ಮೊದಲ ವಾರಗಳಲ್ಲಿ ಇದು ರೋಗವಲ್ಲ. ಆದರೆ ಅಮ್ಮನಿಂದ ಮುಚ್ಚಿಟ್ಟು ನಗುನಗುತ್ತಾ ವಿಡಿಯೊ ಕಾಲ್ ಮಾಡುವುದು ಎರಡು ಪಟ್ಟು ಆಯಾಸ. ಹೇಳಿಬಿಡಿ, ಜ್ವರದ ಸಂಗತಿಯನ್ನೂ ಸೇರಿಸಿ. ಜ್ವರ ವಾಸಿಯಾದ ಮೇಲೂ ಎರಡು ವಾರ ಊಟ, ನಿದ್ದೆ ಹೀಗೇ ಇದ್ದರೆ ವಿಶ್ವವಿದ್ಯಾಲಯದ ಆಪ್ತಸಮಾಲೋಚಕರ ಬಳಿ ಹೋಗಿ. ಕೋರ್ಸಿಗೆ ಕಟ್ಟಿದ ಫೀಸಿನಲ್ಲಿ ಅದೂ ಸೇರಿರುತ್ತದೆ, ವಿಚಾರಿಸಿ. ಅನ್ನ ಬೇಕೆನಿಸಿದರೆ ಈಸ್ಟ್ ಹ್ಯಾಮ್, ಟೂಟಿಂಗ್ ಕಡೆಯ ಅಂಗಡಿಗಳಲ್ಲಿ ಕೇರಳದ ಮಟ್ಟ ಅಕ್ಕಿ ಸಿಗುತ್ತದೆ. ನಮ್ಮ ಕುಚ್ಚಲಕ್ಕಿಯ ರುಚಿ ಇಲ್ಲದಿದ್ದರೂ ಗಂಜಿಗೆ ಸಾಕು. ರೂಮಿನ ಸೆಕೆಗೆ ಹಗಲು ಪರದೆ ಮುಚ್ಚಿ ರಾತ್ರಿ ಕಿಟಕಿ ತೆರೆಯಿರಿ. ಆ ಕಟ್ಟಡಗಳನ್ನು ಶಾಖ ಒಳಗೆ ಉಳಿಯಲೆಂದೇ ಕಟ್ಟಿದ್ದು. 2022ರ ಜುಲೈ 19ರಂದು ಆ ದೇಶದಲ್ಲಿ 40.3 ಡಿಗ್ರಿ ದಾಖಲಾದಾಗ ಅಲ್ಲಿನವರೇ ಕಂಗಾಲಾಗಿದ್ದರು.

ಪ್ರಶ್ನೆ: ಮಗ ಜುಲೈಯಲ್ಲಿ ಲಂಡನ್ನಿಗೆ ಆರು ವಾರದ ಕೋರ್ಸಿಗೆ ಹೋಗುತ್ತಾನೆ. ಸಣ್ಣದರಿಂದಲೇ ದಮ್ಮು. ಎರಡು ಕೋರ್ಸ್ ಆ್ಯಂಟಿಬಯೋಟಿಕ್, ಕೆಮ್ಮಿನ ಸಿರಪ್, ಡೋಲೊ, ಅವನ ಅಜ್ಜನ ನಿದ್ದೆ ಮಾತ್ರೆ ನಾಲ್ಕು ಕಟ್ಟಿಟ್ಟಿದ್ದೇನೆ. ಸಾಕೇ?
– ತಾಯಿ, ಜೆಪ್ಪು ಬಪ್ಪಾಲ್

ಉತ್ತರ: ಹೆಚ್ಚಾಯಿತು ಅಮ್ಮ. ನೀವು ಬರೆದ ಪಟ್ಟಿಯಲ್ಲಿ ಅವನ ಇನ್‌ಹೇಲರೇ ಇಲ್ಲ! ಅಲ್ಲಿ ಜೂನ್, ಜುಲೈ ಹುಲ್ಲಿನ ಪರಾಗದ ಕಾಲ. ಇಲ್ಲಿ ಮಳೆಗೆ ಕೆರಳುವ ದಮ್ಮು ಅಲ್ಲಿ ಪಾರ್ಕಿನಲ್ಲಿ ಕೂತರೂ ಕೆರಳೀತು. ದಿನವೂ ಎಳೆಯುವ ಇನ್‌ಹೇಲರನ್ನು 'ಈಗ ಆರಾಮಿದ್ದೇನೆ' ಎಂದು ಬಿಡಬಾರದು. ತಕ್ಷಣಕ್ಕೆ ಬೇಕಾಗುವ ನೀಲಿಯದು ಸದಾ ಕಿಸೆಯಲ್ಲಿರಲಿ. ಎರಡನ್ನೂ ಒಂದೊಂದು ಹೆಚ್ಚಿಗೆ ಕೊಟ್ಟು, ವಿಮಾನದೊಳಗೆ ಒಯ್ಯುವ ಚೀಲದಲ್ಲೇ ಇಡಿ. ಔಷಧಿಯ ಮೂಲ ಹೆಸರು ಬರೆದ ವೈದ್ಯರ ಚೀಟಿ ಜೊತೆಗಿರಲಿ. ನಮ್ಮ ಬ್ರ್ಯಾಂಡಿನ ಹೆಸರು ಅಲ್ಲಿನವರಿಗೆ ಗೊತ್ತಾಗುವುದಿಲ್ಲ.

ಕೆಮ್ಮಿನ ಸಿರಪ್ಪಿನಲ್ಲಿ ಕೊಡೀನ್ ಇದ್ದರೆ ತೆಗೆದಿಡಿ, ಅದು ಅಲ್ಲಿ ನಿಯಂತ್ರಿತ ವಸ್ತು. ಆ್ಯಂಟಿಬಯೋಟಿಕ್ ಬೇಕೋ ಬೇಡವೋ ಎಂದು ಅಲ್ಲಿನ ವೈದ್ಯರು ಹೇಳಲಿ. ಅಜ್ಜನ ಮಾತ್ರೆ ಅಜ್ಜನ ಹತ್ತಿರವೇ ಇರಲಿ, ದಮ್ಮಿನವರಿಗೆ ಅದು ಒಳ್ಳೆಯದಲ್ಲ. ಡೋಲೊ ಎಂದರೂ ಪ್ಯಾರಸಿಟಮಾಲೇ, ಒಂದು ಸ್ಟ್ರಿಪ್ ಸಾಕು. ಅಲ್ಲಿ ಅಂಗಡಿಯಲ್ಲಿ ಸಿಗುವ ಪ್ಯಾರಸಿಟಮಾಲ್ 500 ಮಿ.ಗ್ರಾಂ.ನದು, ಶೀತಕ್ಕೆಂದು ಬಿಸಿನೀರಿನಲ್ಲಿ ಕಲಸಿ ಕುಡಿಯುವ ಪುಡಿಗಳಲ್ಲೂ ಅದೇ ಇರುತ್ತದೆ. ಎಲ್ಲ ಸೇರಿ ದಿನಕ್ಕೆ ನಾಲ್ಕು ಗ್ರಾಂ ದಾಟಬಾರದು.

ವಿಮೆ ಮಾಡಿಸುವಾಗ ದಮ್ಮನ್ನು ಬರೆಸಿ, ಕಂತು ಸ್ವಲ್ಪ ಏರಿದರೂ ಚಿಂತೆಯಿಲ್ಲ. ತುರ್ತು ವಿಭಾಗದಲ್ಲಿ ನೋಡುವುದಕ್ಕೆ ಅಲ್ಲಿ ಹಣವಿಲ್ಲ, ಆದರೆ ದಾಖಲಾದರೆ ಸಂದರ್ಶಕರಿಂದ ಮಾಮೂಲಿ ದರದ ಒಂದೂವರೆ ಪಟ್ಟು ವಸೂಲು ಮಾಡುತ್ತಾರೆ. ಇದ್ದ ರೋಗವನ್ನು ಮುಚ್ಚಿಟ್ಟರೆ ವಿಮೆಯವರು ಕೈಯೆತ್ತುತ್ತಾರೆ.

ಮೇಲಿನ ಪತ್ರವನ್ನೂ ಓದಿ. ಹೊರಡುವ ವಾರದಲ್ಲಿ ಮಗನಿಗೆ ಜ್ವರ ಬಂದರೆ ಡೋಲೊ ನುಂಗಿಸಿ ಬಜ್ಪೆ ವಿಮಾನ ನಿಲ್ದಾಣಕ್ಕೆ ಕರೆದೊಯ್ಯಬೇಡಿ. ರಕ್ತ ಪರೀಕ್ಷೆ ಮಾಡಿಸಿ, ವರದಿಯ ಒಂದು ಪ್ರತಿ ಪಾಸ್‌ಪೋರ್ಟಿನ ಜೊತೆಗಿಡಿ. ಟಿಕೆಟ್ ಮುಂದೂಡಬೇಕಾಗಿ ಬಂದರೆ ಮುಂದೂಡಿ.