ವೆಜ್ ಆಯ್ಕೆ: ಹೆಸರು ಬಿಡಿ, ಲಾಫ್ಟ್ ನೋಡಿ

ಗಾಲ್ಫ್ ನಿಯಮದ ಪ್ರಕಾರ ಚೀಲದಲ್ಲಿ 14ಕ್ಕಿಂತ ಹೆಚ್ಚು ಕ್ಲಬ್‌ ಇರುವಂತಿಲ್ಲ. ಹಾಗಾಗಿ ಚೀಲಕ್ಕೆ ಸೇರುವ ಪ್ರತಿಯೊಂದು ವೆಜ್‌ ಕೂಡ ಇನ್ನೊಂದು ಕ್ಲಬ್‌ನ ಜಾಗವನ್ನು ಕಸಿದುಕೊಳ್ಳುತ್ತದೆ. ಇಷ್ಟಾದರೂ ಹಲವರು ಪಿಚಿಂಗ್, ಸ್ಯಾಂಡ್, ಲಾಬ್ ಎಂಬ ಹೆಸರು ಹಿಡಿದೇ ಖರೀದಿಗೆ ಹೊರಡುತ್ತಾರೆ. ಆಯ್ಕೆ ಶುರುವಾಗಬೇಕಾದದ್ದು ನಿಮ್ಮ ಐರನ್ ಸೆಟ್‌ನಿಂದ. ನಂಬಬೇಕಾದದ್ದು ಲಾಫ್ಟ್, ಅಂದರೆ ಕ್ಲಬ್‌ನ ಮುಖ ಹಿಂದಕ್ಕೆ ವಾಲಿರುವ ಕೋನವನ್ನು.

ಮೊದಲ ಹೆಜ್ಜೆ, ನಿಮ್ಮ ಪಿಚಿಂಗ್ ವೆಜ್‌ನ ಲಾಫ್ಟ್ ತಿಳಿಯುವುದು. ಹಳೆಯ ಸೆಟ್‌ಗಳಲ್ಲಿ ಅದು 48 ಡಿಗ್ರಿಯ ಆಸುಪಾಸಿನಲ್ಲಿರುತ್ತಿತ್ತು. ಚೆಂಡು ದೂರ ಹೋಗಲೆಂದು ತಯಾರಕರು ಲಾಫ್ಟ್ ಇಳಿಸುತ್ತ ಬಂದಿದ್ದರಿಂದ ಈಗಿನ ಅನೇಕ ಸೆಟ್‌ಗಳಲ್ಲಿ ಅದು 43ರಿಂದ 45 ಡಿಗ್ರಿ. ಸ್ಯಾಂಡ್ ವೆಜ್ ಮಾತ್ರ 54–56ರಲ್ಲೇ ಉಳಿದಿದೆ. 44ರ ನಂತರ ನೇರವಾಗಿ 56 ಇದ್ದರೆ ನಡುವೆ 12 ಡಿಗ್ರಿಯ ಕಂದಕ. ಪೂರ್ಣ ಹೊಡೆತಕ್ಕೆ ಮೊದಲನೆಯದು 110 ಗಜ, ಎರಡನೆಯದು 80 ಗಜ ಹೋಗುತ್ತದೆ ಎಂದುಕೊಳ್ಳಿ. 95 ಗಜಕ್ಕೆ ನಿಮ್ಮ ಬಳಿ ಕ್ಲಬ್ಬೇ ಇಲ್ಲ.

ಎರಡನೆಯ ಹೆಜ್ಜೆ, ಆ ಕಂದಕವನ್ನು ನಾಲ್ಕರಿಂದ ಆರು ಡಿಗ್ರಿಗಳ ಸಮ ಅಂತರದಲ್ಲಿ ತುಂಬುವುದು. ಪಿಚಿಂಗ್ ವೆಜ್ 44 ಆದರೆ 50 ಮತ್ತು 56 ಸಾಕು. 48 ಆದರೆ 54 ಮತ್ತು 60 ಹೊಂದುತ್ತವೆ. ಆಮೇಲೆ ಅಭ್ಯಾಸದ ಮೈದಾನದಲ್ಲಿ ಪ್ರತಿ ವೆಜ್‌ನಿಂದ ಹತ್ತು ಚೆಂಡು ಹೊಡೆದು ಸರಾಸರಿ ನೋಡಿ. ಅಕ್ಕಪಕ್ಕದ ಕ್ಲಬ್‌ಗಳ ನಡುವೆ 10ರಿಂದ 15 ಗಜ ಬಂದರೆ ಲೆಕ್ಕ ಸರಿ. ‘ಕೈ ಪಳಗಿದರೆ ಅರ್ಧ ಸ್ವಿಂಗ್‌ನಲ್ಲೇ ದೂರ ಸರಿಹೊಂದಿಸಬಹುದಲ್ಲ?’ ಎನ್ನುವವರಿದ್ದಾರೆ. ಖಂಡಿತ ಸಾಧ್ಯ. ಆದರೆ ಆ ಹಿಡಿತ ನಿತ್ಯದ ಅಭ್ಯಾಸದಿಂದ ಬರುವಂಥದ್ದು. ವಾರಾಂತ್ಯಕ್ಕಷ್ಟೇ ಆಡುವವರಿಗೆ ಒಂದೇ ಸ್ವಿಂಗ್, ಬೇರೆ ಬೇರೆ ಕ್ಲಬ್ ಎಂಬುದೇ ಹೆಚ್ಚು ಭರವಸೆಯ ದಾರಿ.

ಮೂರನೆಯದು ಬೌನ್ಸ್. ಕ್ಲಬ್‌ನ ತಳ ಅದರ ಮುಂಚೂಣಿ ಅಂಚಿಗಿಂತ ಎಷ್ಟು ಕೆಳಕ್ಕಿದೆ ಎಂಬುದನ್ನು ಈ ಕೋನ ಹೇಳುತ್ತದೆ. ಅಮೆರಿಕದ ಗಾಲ್ಫ್ ಆಟಗಾರ ಜೀನ್ ಸರಾಜೆನ್ ತಮ್ಮ ಕ್ಲಬ್‌ನ ತಳಕ್ಕೆ ಬೆಸುಗೆ ಲೋಹ ಸೇರಿಸಿ ದಪ್ಪ ಮಾಡಿದಾಗ ಅದು ಮರಳಿನಲ್ಲಿ ಹೂತುಕೊಳ್ಳದೆ ಜಾರಿಕೊಂಡು ಹೋಯಿತು; 1932ರ ಬ್ರಿಟಿಷ್ ಓಪನ್ ಗೆದ್ದಾಗ ಅವರ ಚೀಲದಲ್ಲಿ ಆ ಸ್ಯಾಂಡ್ ವೆಜ್ ಇತ್ತು. ಮೆತ್ತನೆಯ ಮರಳು, ನೆನೆದ ನೆಲ, ಕಡಿದಾಗಿ ಇಳಿಯುವ ಸ್ವಿಂಗ್‌ಗೆ 10 ಡಿಗ್ರಿಗಿಂತ ಹೆಚ್ಚಿನ ಬೌನ್ಸ್ ಬೇಕು. ಗಟ್ಟಿ ನೆಲಕ್ಕೆ 4ರಿಂದ 6 ಸಾಕು. ಮಳೆಗಾಲದಲ್ಲಿ ಮೆತ್ತಗಾಗಿ ಬೇಸಿಗೆಯಲ್ಲಿ ಬಿರುಸಾಗುವ ನಮ್ಮ ನೆಲಕ್ಕೆ ಸ್ಯಾಂಡ್ ವೆಜ್‌ನಲ್ಲಿ ಹೆಚ್ಚು, ಇನ್ನೊಂದರಲ್ಲಿ ಮಧ್ಯಮ ಬೌನ್ಸ್ ಇಟ್ಟುಕೊಳ್ಳುವುದು ಜಾಣತನ.

ಕೊನೆಯ ಪ್ರಶ್ನೆ 60 ಡಿಗ್ರಿಯ ಲಾಬ್ ವೆಜ್‌ನದು. ವೃತ್ತಿಪರರು ಒಯ್ಯುತ್ತಾರೆ ಎಂಬುದು ನಿಜವಾದರೂ ಅದು ನಿಮಗೆ ಸಾಕಾಗುವ ಕಾರಣವಲ್ಲ. ಲಾಫ್ಟ್ ಹೆಚ್ಚಿದಷ್ಟೂ ತಪ್ಪು ಹೊಡೆತಕ್ಕೆ ತೆರುವ ದಂಡ ಹೆಚ್ಚು: ಚೆಂಡು ಮುಖದ ಮೇಲ್ಭಾಗಕ್ಕೆ ತಗುಲಿದರೆ ಅಲ್ಲೇ ಮುಂದೆ ಬೀಳುತ್ತದೆ, ಅಂಚಿಗೆ ತಗುಲಿದರೆ ಗ್ರೀನ್ ದಾಟಿ ಓಡುತ್ತದೆ. ಎತ್ತರದ ಗ್ರೀನ್, ಅದರ ಅಂಚಿನಲ್ಲೇ ಬಂಕರ್ ಇರುವ ಕಡೆ ನೀವು ಮತ್ತೆ ಮತ್ತೆ ಆಡುವವರಾದರೆ ಮಾತ್ರ ಅದಕ್ಕೆ ಜಾಗ ಕೊಡಿ; ಬದಲಿಗೆ ಒಂದು ಸುತ್ತಿನಲ್ಲಿ ಒಮ್ಮೆಯೂ ಕೈಗೆ ಬಾರದ ಉದ್ದದ ಐರನ್ ಅನ್ನು ಮನೆಯಲ್ಲಿ ಬಿಡಿ. ಕೈಯಲ್ಲಿ ಒಂದೇ ವೆಜ್‌ಗಾಗುವಷ್ಟು ಹಣವಿದ್ದರೆ, ಪಿಚಿಂಗ್ ಮತ್ತು ಸ್ಯಾಂಡ್ ವೆಜ್‌ಗಳ ನಡುವಿನ ಕಂದಕ ತುಂಬುವ ಗ್ಯಾಪ್ ವೆಜ್ಜನ್ನೇ ಮೊದಲು ಕೊಳ್ಳಿ.